ಜಾಸ್ತಿ ಎಣ್ಣೆ, ಜಾಸ್ತಿ ಗಾಳಿ, ತಗ್ಗಿನ ಸೀಟು

ಚೈನು ಕಿರ್ರೆಂದರೆ ಎಣ್ಣೆ ಸುರಿ, ತುಳಿಯಲು ಭಾರವೆನಿಸಿದರೆ ಟೈರು ಕಲ್ಲಾಗುವಷ್ಟು ಗಾಳಿ ಹೊಡಿ, ಸಿಗ್ನಲ್‌ನಲ್ಲಿ ಕಾಲು ಊರಲು ಆಗದಿದ್ದರೆ ಸೀಟು ಇಳಿಸು. ಸೈಕಲ್ ಕೊಂಡವರಿಗೆ ಮೊದಲ ವಾರದಲ್ಲೇ ಪುಕ್ಕಟೆ ಸಿಗುವ ಸಲಹೆಗಳಿವು. ಮೂರೂ ತಕ್ಷಣಕ್ಕೆ ಕೆಲಸ ಮಾಡುತ್ತವೆ, ತೊಂದರೆ ಇರುವುದೇ ಅಲ್ಲಿ. ಸದ್ದು ನಿಲ್ಲುತ್ತದೆ, ಟೈರು ಗಟ್ಟಿಯಾಗುತ್ತದೆ, ಕಾಲು ನೆಲಕ್ಕೆ ಎಟುಕುತ್ತದೆ. ಆರು ತಿಂಗಳ ಮೇಲೆ ನೋಡಿದರೆ ಫ್ರೀವೀಲ್ (ಹಿಂಚಕ್ರದ ಹಲ್ಲುಚಕ್ರಗಳ ಗುಂಪು) ಹಲ್ಲು ಸವೆದಿರುತ್ತದೆ, ಅಂಗೈ ಜುಮ್ಮೆನ್ನುತ್ತಿರುತ್ತದೆ, ಮೆಟ್ಟಿಲು ಹತ್ತುವಾಗ ಮಂಡಿ ಚುಚ್ಚುತ್ತಿರುತ್ತದೆ.

ಇಲ್ಲಿ ಬರೆಯುತ್ತಿರುವುದು ದಿನಾ ಕೆಲಸಕ್ಕೋ ಕಾಲೇಜಿಗೋ ಐದು–ಹತ್ತು ಕಿಲೋಮೀಟರ್ ಓಡುವ ಸಾಧಾರಣ ಗೇರ್ ಸೈಕಲ್ಲಿನ ಬಗ್ಗೆ: ಮುಂದೆ ಮೂರು, ಹಿಂದೆ ಏಳು ಹಲ್ಲುಚಕ್ರ, ರಿಮ್ಮನ್ನು ಹಿಡಿಯುವ ವಿ-ಬ್ರೇಕ್ ಅಥವಾ ಕೇಬಲ್ಲಿನಿಂದ ಎಳೆಯುವ ಡಿಸ್ಕ್ ಬ್ರೇಕ್. ರೇಸಿನವರ ಲೆಕ್ಕ ಬೇರೆ. ಗೇರಿಲ್ಲದ ಸೈಕಲ್ಲಿಗೂ ಮುಕ್ಕಾಲು ಪಾಲು ಇದೇ ಅನ್ವಯ.

ಎಣ್ಣೆ

ಚೈನಿನ ಒಂದು ಕೊಂಡಿಯನ್ನು ಕಣ್ಣಿಗೆ ಹತ್ತಿರ ಹಿಡಿದು ನೋಡಿ. ಹೊರಗೆರಡು ಪಟ್ಟಿ, ಒಳಗೆರಡು ಪಟ್ಟಿ, ಅವನ್ನು ಪೋಣಿಸಿರುವ ಪಿನ್ನು, ಅದರ ಸುತ್ತ ತಿರುಗುವ ಪುಟ್ಟ ರೋಲರ್. ಚೈನು ಹಲ್ಲುಚಕ್ರದ ಮೇಲೆ ಬಾಗಿದಾಗಲೆಲ್ಲ ಪಿನ್ನು ಒಳಪಟ್ಟಿಯ ತೂತಿನೊಳಗೆ ಉಜ್ಜುತ್ತದೆ. ಎಣ್ಣೆ ಬೇಕಾಗಿರುವುದು ಆ ಸಂದಿಗೆ. ಹೊರಪಟ್ಟಿಯ ಮೇಲೆ ಮಿರಮಿರ ಮಿಂಚುವ ಎಣ್ಣೆ ತುಕ್ಕು ತಡೆಯುವಷ್ಟು ತೆಳ್ಳಗೆ ಇದ್ದರೆ ಸಾಕು, ಅದಕ್ಕಿಂತ ಹೆಚ್ಚಿದ್ದದ್ದೆಲ್ಲ ಧೂಳಿಗೆ ಅಂಟು. ಎಣ್ಣೆಯಲ್ಲಿ ಕಲಸಿದ ರಸ್ತೆಯ ಮರಳುಪುಡಿ ಎಂದರೆ ಗ್ಯಾರೇಜಿನವರು ವಾಲ್ವ್ ಉಜ್ಜಲು ಬಳಸುವ ಪೇಸ್ಟಿನ ತಮ್ಮನೇ ಸರಿ. ನಿಮ್ಮ ಪ್ಯಾಂಟಿನ ಕಾಲಿಗೆ ಮೆತ್ತಿಕೊಳ್ಳುವ ಆ ಕರಿ ಮಡ್ಡಿ ಅದೇ.

ಹಾಗಾಗಿ ಒಣ ಕಾಲದಲ್ಲಿ ವಾರಕ್ಕೊಮ್ಮೆ ಮಾಡಬೇಕಾದ ಕೆಲಸ ಎಣ್ಣೆ ಹಾಕುವುದಲ್ಲ, ಒರೆಸುವುದು. ಹಳೆ ಬನಿಯನ್ ಬಟ್ಟೆಯನ್ನು ಮಡಚಿ ಚೈನಿನ ಕೆಳಸಾಲನ್ನು ಬೆರಳುಗಳ ನಡುವೆ ಹಿಡಿದು, ಇನ್ನೊಂದು ಕೈಯಿಂದ ಪೆಡಲನ್ನು ಹಿಂದಕ್ಕೆ ಮೂವತ್ತು ಸುತ್ತು ತಿರುಗಿಸಿ. ಬಟ್ಟೆಯ ಮಗ್ಗುಲು ಬದಲಿಸಿ ಇನ್ನೊಮ್ಮೆ. ಹಿಂದೆ ಗೇರು ಬದಲಿಸುವ ಡಿರೇಲರ್‌ನ ಎರಡು ಪುಟ್ಟ ಚಕ್ರಗಳ ಅಂಚಿನಲ್ಲಿ ಮಡ್ಡಿ ಉಂಗುರದಂತೆ ಕೂತಿರುತ್ತದೆ, ಚಪ್ಪಟೆ ಸ್ಕ್ರೂಡ್ರೈವರ್ ತುದಿಯನ್ನು ಒತ್ತಿಹಿಡಿದು ಪೆಡಲ್ ತಿರುಗಿಸಿದರೆ ಸಿಪ್ಪೆಯಂತೆ ಬಿದ್ದುಹೋಗುತ್ತದೆ. ಐದು ನಿಮಿಷದ ಕೆಲಸ.

ಎಣ್ಣೆ ಹಾಕಬೇಕಾದಾಗ ಒಂದು ರೋಲರ್‌ಗೆ ಒಂದು ಹನಿ, ಅಷ್ಟೇ. ಚೈನನ್ನು ಜೋಡಿಸಿರುವ ಕ್ವಿಕ್ ಲಿಂಕ್ ಬೇರೆ ಬಣ್ಣದಲ್ಲೋ ಬೇರೆ ಆಕಾರದಲ್ಲೋ ಇರುತ್ತದೆ. ಅಲ್ಲಿಂದ ಶುರುಮಾಡಿ, ಅದೇ ಮತ್ತೆ ಎದುರು ಬಂದಾಗ ನಿಲ್ಲಿಸಿ. ಹನಿ ಬೀಳಬೇಕಾದದ್ದು ಕೆಳಸಾಲಿನ ಒಳಮೈಗೆ, ಅಂದರೆ ಹಲ್ಲಿಗೆ ತಾಗುವ ಬದಿಗೆ. ಏಳು ಗೇರಿನ, ಅಂದರೆ ಹಿಂದೆ ಏಳು ಹಲ್ಲುಚಕ್ರವಿರುವ, ಸೈಕಲ್ಲಿನ ಚೈನಿನಲ್ಲಿ ಸುಮಾರು 114 ಕೊಂಡಿ ಇರುತ್ತವೆ. ಹನಿಗೆ 0.05 ಮಿ.ಲೀ. ಲೆಕ್ಕ ಹಿಡಿದರೆ ಇಡೀ ಚೈನಿಗೆ ಆರು ಮಿ.ಲೀ. ಒಳಗೇ ಮುಗಿಯಿತು. ಒಂದು ಟೀ ಚಮಚಕ್ಕಿಂತ ಸ್ವಲ್ಪ ಹೆಚ್ಚು. ಆಮೇಲೆ ಪೆಡಲನ್ನು ಇಪ್ಪತ್ತು–ಮೂವತ್ತು ಸುತ್ತು ಹಿಂದಕ್ಕೆ ತಿರುಗಿಸಿ, ಹತ್ತು ಹದಿನೈದು ನಿಮಿಷ ಬಿಟ್ಟು, ಹೊರಮೈಯನ್ನು ಬಟ್ಟೆಗೆ ಗುರುತು ಹತ್ತದಷ್ಟು ಒರೆಸಿ. ಈ ಕೊನೆಯ ಒರೆಸುವಿಕೆಯನ್ನೇ ಎಲ್ಲರೂ ಬಿಡುವುದು. ವ್ಯಾಕ್ಸ್ ಬೆರೆತ ಡ್ರೈ ಲ್ಯೂಬ್ (ಒಣ ಕಾಲದ ಚೈನೆಣ್ಣೆ) ಆದರೆ ರಾತ್ರಿ ಹಾಕಿ ಬೆಳಿಗ್ಗೆ ಹೊರಡಬೇಕು. ಅದರಲ್ಲಿರುವ ದ್ರಾವಕ ಆರಿದ ಮೇಲೆಯೇ ವ್ಯಾಕ್ಸ್ ಪದರ ಕೂರುವುದು, ಹಾಕಿದ ಕೂಡಲೇ ಹೊರಟರೆ ಅರ್ಧ ರಸ್ತೆಗೆ ಹಾರಿಹೋಗುತ್ತದೆ.

ಯಾವ ಎಣ್ಣೆ? ಮನೆಯಲ್ಲಿ ಸಿಗುವುದನ್ನೆಲ್ಲ ಒಮ್ಮೆ ನೋಡಿಬಿಡೋಣ. ಕೊಬ್ಬರಿ ಎಣ್ಣೆ ಸುಮಾರು 24 ಡಿಗ್ರಿ ಸೆಲ್ಸಿಯಸ್ ಕೆಳಗೆ ಗಟ್ಟಿಯಾಗುತ್ತದೆ, ಬೆಂಗಳೂರಿನ ಡಿಸೆಂಬರ್ ಬೆಳಗಿನಲ್ಲಿ ಅದು ಎಣ್ಣೆಯಲ್ಲ, ಮೇಣ. ಹೊಲಿಗೆ ಮಷೀನಿನ ಎಣ್ಣೆ ತೆಳು, ಸಂದಿಗೆ ಚೆನ್ನಾಗಿ ಇಳಿಯುತ್ತದೆ, ಆದರೆ ಒಂದು ಮಳೆಗೆ ತೊಳೆದುಹೋಗುತ್ತದೆ. ಅದನ್ನು ಬ್ರೇಕ್ ಲಿವರ್, ಡಿರೇಲರ್‌ನ ಕೀಲು, ಕೇಬಲ್ಲಿಗೆ ಇಟ್ಟುಕೊಳ್ಳಿ. ಬೈಕಿನಿಂದ ತೆಗೆದ ಹಳೆ ಎಂಜಿನ್ ಆಯಿಲ್‌ನಲ್ಲಿ ಮಸಿ, ಲೋಹದ ಪುಡಿ ಮೊದಲೇ ಇರುತ್ತವೆ. ಗ್ರೀಸು ಸಂದಿಯೊಳಗೆ ಇಳಿಯುವುದೇ ಇಲ್ಲ. ಮೋಟಾರ್‌ಸೈಕಲ್ ಚೈನಿನ ಸ್ಪ್ರೇ ದಪ್ಪ, ಜಿಗುಟು, ಧೂಳು ಹಿಡಿಯುವುದರಲ್ಲಿ ಮೊದಲ ಸ್ಥಾನ. ಇನ್ನು ಡಬ್ಲ್ಯೂಡಿ-40: ಹೆಸರಿನ ಮೊದಲೆರಡು ಅಕ್ಷರಗಳ ಅರ್ಥವೇ ನೀರನ್ನು ಹೊರದೂಡುವುದು ಎಂದು. ನೆನೆದ ಚೈನಿನಿಂದ ನೀರು ಓಡಿಸಲು, ಬಿಗಿದ ನಟ್ಟು ಸಡಿಲಿಸಲು ಒಳ್ಳೆಯದು. ಚೈನಿಗೆ ಅದೊಂದನ್ನೇ ಹೊಡೆಯುತ್ತಿದ್ದರೆ ಒಳಗಿದ್ದ ಎಣ್ಣೆಯೂ ಕರಗಿ ಹೋಗಿ ನಾಲ್ಕು ದಿನಕ್ಕೆ ಮತ್ತೆ ಕಿರ್ರೆನ್ನುತ್ತದೆ. ಅದೇ ಹೆಸರಿನಲ್ಲಿ ಸೈಕಲ್ ಚೈನಿಗೆಂದೇ ಬೇರೆ ಲ್ಯೂಬ್ ಬರುತ್ತದೆ, ಎರಡನ್ನೂ ಒಂದೇ ಅಂದುಕೊಳ್ಳಬೇಡಿ.

ಸೈಕಲ್ ಚೈನಿಗೆಂದೇ ಮಾಡಿದ ಲ್ಯೂಬ್‌ನ ಸಣ್ಣ ಬಾಟಲಿ ಕೊಳ್ಳುವುದೇ ಅಗ್ಗ. ಒಂದು ಸಲಕ್ಕೆ ಆರು ಮಿ.ಲೀ. ಎಂದರೆ 100 ಮಿ.ಲೀ. ಬಾಟಲಿಯಲ್ಲಿ ಹದಿನಾರು ಸಲ ಆಗುತ್ತದೆ. ಕಲಬುರಗಿ, ರಾಯಚೂರು ಕಡೆಯ ಒಣ ಧೂಳಿಗೆ ವರ್ಷದ ಬಹುಪಾಲು ಡ್ರೈ ಲ್ಯೂಬ್ ಸಾಕು. ಮಲೆನಾಡು, ಕರಾವಳಿಯಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆಗೆ ಬೇಗ ತೊಳೆದುಹೋಗದ ವೆಟ್ ಲ್ಯೂಬ್ ಬೇಕು, ಜೊತೆಗೆ ಎರಡು ಪಾಲು ಒರೆಸುವ ಕೆಲಸವೂ ಬೇಕು. ಬೆಂಗಳೂರಿನವರು ಮಳೆಗಾಲಕ್ಕೊಂದು, ಬೇಸಿಗೆಗೊಂದು ಇಟ್ಟುಕೊಳ್ಳುವುದು ವಾಸಿ. ಎರಡನ್ನೂ ಒಂದರ ಮೇಲೊಂದು ಹಾಕಬೇಡಿ. ಬದಲಿಸುವಾಗ ಚೈನನ್ನು ಪೂರ್ತಿ ತೊಳೆದೇ ಬದಲಿಸಬೇಕು.

ತೊಳೆಯುವುದು ಹೀಗೆ. ಕ್ವಿಕ್ ಲಿಂಕ್ ಬಿಚ್ಚಿ ಚೈನನ್ನು ಅಗಲ ಬಾಯಿಯ ಪ್ಲಾಸ್ಟಿಕ್ ಬಾಟಲಿಗೆ ಇಳಿಸಿ, 150–200 ಮಿ.ಲೀ. ಡೀಸೆಲ್ ಅಥವಾ ಸೀಮೆಎಣ್ಣೆ ಸುರಿದು ಎರಡು ನಿಮಿಷ ಕುಲುಕಿ. ಕಾಫಿ ಡಿಕಾಕ್ಷನ್ ಬಣ್ಣಕ್ಕೆ ಬರುತ್ತದೆ. ಅದನ್ನು ಬೇರೆ ಡಬ್ಬಿಗೆ ಬಗ್ಗಿಸಿ, ಹೊಸದು ಹಾಕಿ ಇನ್ನೊಮ್ಮೆ. ಎರಡನೆಯದು ಸಾಮಾನ್ಯವಾಗಿ ಟೀ ಬಣ್ಣದಲ್ಲಿ ನಿಲ್ಲುತ್ತದೆ, ಅಷ್ಟಾದರೆ ಸಾಕು. ಆಮೇಲೆ ಪಾತ್ರೆ ತೊಳೆಯುವ ಲಿಕ್ವಿಡ್ ಹಾಕಿದ ಬಿಸಿನೀರಿನಲ್ಲಿ ತೊಳೆದು ಬಿಸಿಲಿಗೆ ಪೂರ್ತಿ ಒಣಗಿಸಿ. ಸೋಪಿನ ಹಂತವನ್ನು ಬಿಟ್ಟರೆ ಸಂದಿಯಲ್ಲಿ ಉಳಿದ ಡೀಸೆಲ್ ಹೊಸ ಲ್ಯೂಬನ್ನೇ ತೆಳ್ಳಗೆ ಮಾಡುತ್ತದೆ. ಒಣಗಿದ ಮೇಲೆ ಆ ದಿನವೇ ಲ್ಯೂಬ್ ಹಾಕಿ, ಬರಿಮೈಯ ಚೈನಿಗೆ ಒಂದು ರಾತ್ರಿಯಲ್ಲೇ ಕೆಂಪು ತುಕ್ಕು ಹತ್ತುತ್ತದೆ. ಪೆಟ್ರೋಲ್ ಬೇಡವೇ ಬೇಡ, ಅದರ ಆವಿಗೆ ಒಂದು ಕಿಡಿ ಸಾಕು. ಕೊಳಕಾದ ಡೀಸೆಲ್ಲನ್ನು ಚರಂಡಿಗೆ ಸುರಿಯಬೇಡಿ. ಎರಡು ದಿನ ಅಲುಗಾಡಿಸದೆ ಇಟ್ಟರೆ ಮಡ್ಡಿ ತಳಕ್ಕಿಳಿಯುತ್ತದೆ, ಮೇಲಿನ ತಿಳಿ ಮುಂದಿನ ಸಲದ ಮೊದಲ ಸುತ್ತಿಗೆ ಬರುತ್ತದೆ.

ಕ್ವಿಕ್ ಲಿಂಕ್ ವಿಷಯದಲ್ಲಿ ಒಂದು ಎಚ್ಚರ. 6, 7, 8 ಗೇರಿನ ಚೈನುಗಳದ್ದನ್ನು ಮತ್ತೆ ಮತ್ತೆ ಬಿಚ್ಚಿ ಹಾಕಬಹುದು. 10, 11, 12 ಗೇರಿನ ಕೆಲವು ಕಂಪನಿಗಳ ಲಿಂಕುಗಳು ಒಂದೇ ಸಲಕ್ಕೆಂದು ಮಾಡಿದವು, ಪ್ಯಾಕೆಟ್ ಮೇಲೆ ನೋಡಿಕೊಳ್ಳಿ. ನಿಮ್ಮ ಚೈನಿನಲ್ಲಿ ಕ್ವಿಕ್ ಲಿಂಕೇ ಇಲ್ಲದಿದ್ದರೆ ಚೈನನ್ನು ಸೈಕಲ್ ಮೇಲೆ ಇಟ್ಟೇ ಬ್ರಷ್‌ನಿಂದ ತೊಳೆಯಿರಿ, ಪದೇಪದೇ ಪಿನ್ನು ತಳ್ಳಿ ಕೂರಿಸಿದ ಜಾಗದಲ್ಲೇ ಚೈನು ತುಂಡಾಗುವುದು. ಹಾಗೆ ತೊಳೆಯುವಾಗ ಡೀಸೆಲ್ ಹಿಂದಿನ ಫ್ರೀವೀಲ್‌ನೊಳಕ್ಕೆ ಇಳಿಯಬಾರದು. ಅದರ ಒಳಗಿನ ಗ್ರೀಸು ಕರಗಿದರೆ ಟಕಟಕ ಸದ್ದು ಒಣಗಿ, ಕೊನೆಗೆ ಒಳಗಿನ ಹಲ್ಲು ಹಿಡಿಯದೆ ಪೆಡಲ್ ಗಾಳಿಯಲ್ಲಿ ತಿರುಗಿದಂತಾಗುತ್ತದೆ. ಫ್ರೀವೀಲ್‌ನ ಚಕ್ರಗಳ ನಡುವೆ ಬಟ್ಟೆಯ ಪಟ್ಟಿ ತೂರಿಸಿ ಹಿಂದೆ ಮುಂದೆ ಎಳೆದರೆ ಸಾಕು.

ಚೈನು ಬದಲಿಸುವ ಕಾಲ ಬಂತೇ ಎಂದು ಅಂಗಡಿಯವರನ್ನು ಕೇಳಬೇಕಿಲ್ಲ, ಒಂದು ಸ್ಟೀಲ್ ಸ್ಕೇಲು ಹೇಳುತ್ತದೆ. ಪ್ರತಿ ಪಿನ್ನಿನಿಂದ ಮುಂದಿನ ಪಿನ್ನಿಗೆ ಅಳತೆ ಅರ್ಧ ಇಂಚು, 12.7 ಮಿ.ಮೀ. ಹಾಗಾಗಿ ಹೊಸ ಚೈನಿನ 20 ಕೊಂಡಿ ಕರಾರುವಾಕ್ಕಾಗಿ 254 ಮಿ.ಮೀ. ಪೆಡಲ್ ಮೇಲೆ ಭಾರ ಹಾಕಿ ಮೇಲಿನ ಸಾಲನ್ನು ಬಿಗಿಯಾಗಿಸಿ, ಒಂದು ಪಿನ್ನಿನ ಎಡ ಅಂಚಿಗೆ ಸೊನ್ನೆ ಇಟ್ಟು, ಇಪ್ಪತ್ತು ಎಣಿಸಿ, ಅಲ್ಲಿನ ಪಿನ್ನಿನ ಎಡ ಅಂಚನ್ನೇ ಓದಿ. ನಡುಬಿಂದುವಿನಿಂದ ನಡುಬಿಂದುವಿಗೆ ಅಳೆಯುವುದಕ್ಕಿಂತ ಅಂಚಿನಿಂದ ಅಂಚಿಗೆ ಕಣ್ಣಿಗೆ ಸುಲಭ. ಏಳೆಂಟು ಗೇರಿನ ಸೈಕಲ್ಲಿನಲ್ಲಿ 256 ಮಿ.ಮೀ. ಮುಟ್ಟಿದ್ದರೆ ಚೈನು ಬದಲಿಸಿ. 11–12 ಗೇರಿನದಾದರೆ 255.3ಕ್ಕೇ ಬದಲಿಸಬೇಕು. 256.5 ದಾಟಿದ್ದರೆ ಸವೆದ ಚೈನು ಅಷ್ಟರಲ್ಲಿ ಫ್ರೀವೀಲ್‌ನ ಹಲ್ಲನ್ನೂ ತನ್ನ ಅಳತೆಗೆ ಕೆತ್ತಿಕೊಂಡಿರುತ್ತದೆ. ಆಗ ಹೊಸ ಚೈನು ಮಾತ್ರ ಹಾಕಿದರೆ ಏರಿನಲ್ಲಿ ಜೋರಾಗಿ ತುಳಿದಾಗ ‘ಕಡಕ್’ ಎಂದು ಜಾರುತ್ತದೆ, ಫ್ರೀವೀಲೂ ಬದಲಾಗಬೇಕು. ಚೈನು ‘ಉದ್ದವಾಗಿದೆ’ ಎನ್ನುತ್ತೇವಾದರೂ ಪಟ್ಟಿ ಹಿಗ್ಗಿರುವುದಿಲ್ಲ, ನೂರಹದಿನಾಲ್ಕು ಪಿನ್ನುಗಳ ಸವೆತ ಒಟ್ಟು ಸೇರಿ ಉದ್ದವಾಗಿ ಕಾಣುತ್ತದೆ.

ಬಜೆಟ್ ಸೈಕಲ್ಲುಗಳಲ್ಲಿ ಇನ್ನೊಂದು ಸಂಗತಿ: ಮುಂದಿನ ಮೂರು ಚೈನ್‌ವೀಲುಗಳನ್ನು ಬಹಳ ಸಲ ರಿವೆಟ್ ಹೊಡೆದು ಕೂರಿಸಿರುತ್ತಾರೆ. ಹಲ್ಲು ಸವೆದರೆ ಒಂದನ್ನೇ ಬದಲಿಸಲಾಗದು, ಇಡೀ ಸೆಟ್ಟು ಕೊಳ್ಳಬೇಕು. ಚೈನನ್ನು ಹೊತ್ತಿಗೆ ಸರಿಯಾಗಿ ಬದಲಿಸಿದರೆ ಈ ಖರ್ಚು ವರ್ಷಗಟ್ಟಲೆ ಮುಂದಕ್ಕೆ ಹೋಗುತ್ತದೆ.

ಗಾಳಿ

ಹೆಬ್ಬೆರಳಿನಲ್ಲಿ ಒತ್ತಿ ನೋಡುವ ಪರೀಕ್ಷೆಗೆ ಬೆಲೆ ಕಡಿಮೆ. 40 ಪಿಎಸ್‌ಐ (ಗಾಳಿಯ ಒತ್ತಡದ ಅಳತೆ) ದಾಟಿದ ಮೇಲೆ ಎಲ್ಲ ಟೈರೂ ಬೆರಳಿಗೆ ಕಲ್ಲೇ. ಮೀಟರ್ ಇರುವ, ನಿಂತು ಒತ್ತುವ ಪಂಪು ಒಂದು ಮನೆಯಲ್ಲಿರಲಿ. ಸೈಕಲ್ಲಿಗೆ ಕೊಳ್ಳುವ ಸಾಮಾನಿನಲ್ಲಿ ಹೆಲ್ಮೆಟ್ಟಿನ ನಂತರ ಇದೇ ಮುಖ್ಯ ಎಂದು ನನ್ನ ಅಭಿಪ್ರಾಯ, ಫೋನ್ ಸ್ಟ್ಯಾಂಡ್ ಅಲ್ಲ.

65ರಿಂದ 75 ಕೆ.ಜಿ. ತೂಕದವರಿಗೆ ನಮ್ಮ ರಸ್ತೆಗಳಲ್ಲಿ ಶುರುಮಾಡಲು: 26×1.95 ಅಥವಾ 27.5×2.1 ಟೈರಿಗೆ ಮುಂದೆ 35, ಹಿಂದೆ 40 ಪಿಎಸ್‌ಐ. 700×35 ಹೈಬ್ರಿಡ್‌ಗೆ ಮುಂದೆ 50, ಹಿಂದೆ 57ರ ಆಸುಪಾಸು. 700×28ಕ್ಕೆ 70 ಮತ್ತು 80. ಹತ್ತು ಕೆ.ಜಿ. ಹೆಚ್ಚಿದ್ದರೆ ಎರಡಕ್ಕೂ ನಾಲ್ಕೈದು ಸೇರಿಸಿ, ಬ್ಯಾಗನ್ನು ಕ್ಯಾರಿಯರ್ ಮೇಲೆ ಇಡುವವರು ಹಿಂದಿನದಕ್ಕೆ ಮಾತ್ರ. ಮಳೆಯಲ್ಲಿ ಎರಡರಿಂದಲೂ ಐದು ಇಳಿಸಿ. ಟೈರಿನ ಮಗ್ಗುಲಲ್ಲಿ ಅಚ್ಚಾಗಿರುವ ಕನಿಷ್ಠ–ಗರಿಷ್ಠ ಅಂಕಿಯ ಒಳಗೇ ಇರಬೇಕು, ಆದರೆ ಆ ಗರಿಷ್ಠವೆಂಬುದು ಟೈರು ತಡೆಯುವ ಮಿತಿಯೇ ಹೊರತು ನಿಮಗೆ ಕೊಟ್ಟ ಸಲಹೆಯಲ್ಲ. ಗರಿಷ್ಠಕ್ಕೆ ಹೊಡೆದ ಟೈರು ಜಲ್ಲಿಕಲ್ಲಿನ ಮೇಲೆ ಉರುಳುವ ಬದಲು ಪುಟಿಯುತ್ತದೆ. ಪ್ರತಿ ಪುಟಿತವೂ ಅಂಗೈಗೆ, ಬೆನ್ನಿಗೆ ಬರುತ್ತದೆ. ಒದ್ದೆ ಡಾಂಬರಿನಲ್ಲಿ, ಅದರಲ್ಲೂ ಬಿಳಿ ಪಟ್ಟೆ, ಮ್ಯಾನ್‌ಹೋಲ್ ಮುಚ್ಚಳದ ಮೇಲೆ ಹಿಡಿತ ತಪ್ಪುತ್ತದೆ.

ಪೆಟ್ರೋಲ್ ಬಂಕಿನ ಗಾಳಿ ಮೆಷೀನನ್ನು ಸೈಕಲ್ಲಿಗೆ ಬಳಸುವುದಾದರೆ ಬಹಳ ಜಾಗರೂಕತೆ ಬೇಕು. ಕಾರಿನ ಟೈರಿಗೆಂದು ಮಾಡಿದ ವೇಗ ಅದು, ಸೈಕಲ್ ಟ್ಯೂಬಿಗೆ ಹಿಡಿಯುವ ಗಾಳಿ ಅದರ ಮುಂದೆ ಒಂದು ಗುಟುಕು. ಎರಡು ಮೂರು ಸೆಕೆಂಡಿನಲ್ಲಿ ಟೈರು ರಿಮ್ಮಿನಿಂದ ಹೊರಬಂದು ಟ್ಯೂಬು ಸಿಡಿಯಬಹುದು.

ಪಂಚರ್ ಆದರೆ ತೂತು ಎಲ್ಲಿದೆ ಎಂಬುದೇ ಕಾರಣ ಹೇಳುತ್ತದೆ. ಟೈರು ಬಿಚ್ಚುವ ಮೊದಲು ಒಂದು ಅಭ್ಯಾಸ ಇಟ್ಟುಕೊಳ್ಳಿ: ಟೈರಿನ ಮೇಲಿನ ಹೆಸರು ಯಾವಾಗಲೂ ವಾಲ್ವಿನ ನೇರಕ್ಕೆ ಬರುವಂತೆ ಹಾಕುವುದು. ಆಗ ಟ್ಯೂಬಿನ ತೂತು ವಾಲ್ವಿನಿಂದ ಎಷ್ಟು ದೂರವಿದೆಯೋ ಟೈರಿನಲ್ಲೂ ಅಷ್ಟೇ ದೂರದಲ್ಲಿ ಮುಳ್ಳು ಹುಡುಕಿದರಾಯಿತು. ಹೊರಮೈಯಲ್ಲಿ ಒಂದೇ ತೂತು ಇದ್ದರೆ ಮುಳ್ಳು, ಗಾಜು, ಅಥವಾ ಲಾರಿ ಟೈರಿನಿಂದ ಉದುರಿದ ಕೂದಲೆಳೆಯಂಥ ತಂತಿ. ಅಕ್ಕಪಕ್ಕ ಎರಡು ತೂತು, ಹಾವು ಕಚ್ಚಿದಂತೆ ಇದ್ದರೆ ಗಾಳಿ ಕಡಿಮೆಯಿತ್ತು, ಗುಂಡಿಯಂಚಿಗೂ ರಿಮ್ಮಿಗೂ ನಡುವೆ ಟ್ಯೂಬು ಅಪ್ಪಚ್ಚಿಯಾಗಿದೆ. ರಿಮ್ಮಿನ ಬದಿಯಲ್ಲಿ ತೂತಾಗಿದ್ದರೆ ಒಳಗಿನ ರಿಮ್ ಟೇಪು ಸರಿದು ಕಡ್ಡಿಯ ತಲೆ ಚುಚ್ಚಿದೆ, ಟೇಪು ಸರಿಪಡಿಸದೆ ಎಷ್ಟು ಪ್ಯಾಚ್ ಹಾಕಿದರೂ ವಾರಕ್ಕೊಂದು ಪಂಚರ್. ವಾಲ್ವಿನ ಬುಡ ಹರಿದಿದ್ದರೆ ಪ್ಯಾಚ್ ನಿಲ್ಲದು, ಟ್ಯೂಬೇ ಹೊಸದಾಗಬೇಕು.

ಬಯಲುಸೀಮೆಯವರಿಗೆ ನೆಗ್ಗಿಲು ಮುಳ್ಳು, ಬಳ್ಳಾರಿ ಜಾಲಿ ಎರಡೂ ಗೊತ್ತಿರುತ್ತವೆ. ನೆಗ್ಗಿಲು ಒಂದು ಹತ್ತಿದೆ ಎಂದರೆ ಇನ್ನೂ ನಾಲ್ಕು ಹತ್ತಿರುತ್ತವೆ, ಒಂದಕ್ಕೆ ಪ್ಯಾಚ್ ಹಾಕಿ ಮುಗಿಯಿತೆಂದುಕೊಳ್ಳದೆ ಟ್ಯೂಬನ್ನು ಇಡೀ ಸುತ್ತು ನೀರಿನಲ್ಲಿ ಮುಳುಗಿಸಿ. ಜಾಲಿ ಮುಳ್ಳಿನ ತುದಿ ರಬ್ಬರಿನೊಳಗೇ ಮುರಿದು ಉಳಿಯುತ್ತದೆ. ಟೈರಿನ ಒಳಮೈಯನ್ನು ಬೆರಳಿಗಿಂತ ಹತ್ತಿಯಿಂದ ಸವರಿ, ಎಳೆ ಸಿಕ್ಕಿಕೊಂಡ ಕಡೆ ಮುಳ್ಳಿದೆ.

ಪ್ಯಾಚ್ ನಿಲ್ಲದಿರುವುದಕ್ಕೆ ಹತ್ತರಲ್ಲಿ ಒಂಬತ್ತು ಪಾಲು ಕಾರಣ ಅವಸರ. ತೂತಿನ ಸುತ್ತ ಎಮರಿ ಕಾಗದದಿಂದ ಉಜ್ಜಿ ಹೊಳಪು ಹೋಗಬೇಕು, ಅಚ್ಚಿನ ಗೆರೆ ಇದ್ದರೆ ಅದು ಸಮತಟ್ಟಾಗಬೇಕು. ಸಲ್ಯೂಷನ್ನನ್ನು ಪ್ಯಾಚಿಗಿಂತ ಸ್ವಲ್ಪ ಅಗಲಕ್ಕೆ, ತೆಳ್ಳಗೆ ಹಚ್ಚಿ. ಆಮೇಲೆ ಐದು ನಿಮಿಷ ಕೈಕಟ್ಟಿ ಕೂರಿ. ಒದ್ದೆ ಹೊಳಪು ಹೋಗಿ ಮಂಕಾದಾಗ ಪ್ಯಾಚ್ ಅಂಟಿಸಿ ನಡುವಿನಿಂದ ಅಂಚಿಗೆ ಒತ್ತಿ. ಹಸಿಯಾಗಿದ್ದಾಗಲೇ ಅಂಟಿಸಿದರೆ ದ್ರಾವಕದ ಆವಿ ಒಳಗೆ ಸಿಕ್ಕಿಹಾಕಿಕೊಂಡು ಪ್ಯಾಚ್ ಸುಲಿದುಕೊಳ್ಳುತ್ತದೆ. ಮೇಲೆ ಸ್ವಲ್ಪ ಮುಖಕ್ಕೆ ಹಚ್ಚುವ ಪೌಡರ್ ಉದುರಿಸಿದರೆ ಟ್ಯೂಬು ಟೈರಿಗೆ ಅಂಟುವುದಿಲ್ಲ. ಒಮ್ಮೆ ತೆರೆದ ಸಲ್ಯೂಷನ್ ಟ್ಯೂಬು ಕೆಲವು ತಿಂಗಳಲ್ಲಿ ಒಳಗೇ ಒಣಗುತ್ತದೆ, ಬ್ಯಾಗಿನಲ್ಲಿ ಎರಡು ವರ್ಷದಿಂದ ಇರುವುದನ್ನು ನಂಬಬೇಡಿ.

ಸೀಟು, ಮಂಡಿ, ಮೈ

ಸೀಟಿನ ಮೇಲೆ ಕೂತೇ ಎರಡೂ ಪಾದ ನೆಲಕ್ಕೆ ಪೂರ್ತಿ ತಾಗುತ್ತಿದ್ದರೆ ಸೀಟು ತಗ್ಗಿದೆ. ತಗ್ಗಿದ ಸೀಟಿನಲ್ಲಿ ಮಂಡಿ ಪ್ರತಿ ಸುತ್ತಿನಲ್ಲೂ ಅತಿಯಾಗಿ ಮಡಚಿ, ಅದೇ ಸ್ಥಿತಿಯಲ್ಲಿ ಭಾರ ತಳ್ಳಬೇಕು. ಮಂಡಿಚಿಪ್ಪಿನ ಮುಂಭಾಗದ ನೋವು ಬಹಳ ಸಲ ಇದರದ್ದು. ಹಿಂಭಾಗ ಎಳೆದಂತಾಗುತ್ತಿದ್ದರೆ, ತುಳಿಯುವಾಗ ಸೊಂಟ ಎಡಬಲ ತೂಗುತ್ತಿದ್ದರೆ ಸೀಟು ಎತ್ತರವಾಗಿದೆ.

ಅಳತೆ ಸುಲಭ. ಗೋಡೆಗೆ ಆತು ನಿಂತು, ತೊಡೆಸಂದಿಗೆ ಒಂದು ದಪ್ಪ ಪುಸ್ತಕವನ್ನು ಒತ್ತಿ ಹಿಡಿದು ನೆಲದಿಂದ ಅದರ ಮೇಲಂಚಿಗೆ ಅಳೆಯಿರಿ. ಅದನ್ನು 0.883ರಿಂದ ಗುಣಿಸಿ. 80 ಸೆಂ.ಮೀ. ಬಂದರೆ 70.6. ಪೆಡಲ್ ತೋಳು ತಿರುಗುವ ನಡುಬಿಂದುವಿನಿಂದ ಸೀಟಿನ ಮೇಲ್ಮೈವರೆಗೆ, ಸೀಟ್ ಕಂಬದ ನೇರದಲ್ಲಿ ಅಷ್ಟಿರಬೇಕು. ಟೇಪಿಲ್ಲದವರು ಹಿಮ್ಮಡಿಯನ್ನು ಪೆಡಲ್ ಮೇಲಿಟ್ಟು ಕೆಳಗೆ ತುಳಿದು ನೋಡಿ, ಕಾಲು ನೇರವಾದರೆ ಸರಿ. ಓಡಿಸುವಾಗ ಪಾದದ ಮುಂಭಾಗ ಪೆಡಲ್ ಮೇಲಿರುವುದರಿಂದ ಮಂಡಿ ತುಸು ಬಾಗಿಯೇ ಇರುತ್ತದೆ. ತುಂಬ ದಿನ ತಗ್ಗಿನಲ್ಲಿ ಓಡಿಸಿದವರು ಒಂದೇ ದಿನ ನಾಲ್ಕು ಸೆಂ.ಮೀ. ಏರಿಸಬೇಡಿ. ಐದೈದು ಮಿ.ಮೀ. ಏರಿಸುತ್ತ ಮೂರು ನಾಲ್ಕು ದಿನ ಓಡಿಸಿ. ಸೀಟ್ ಕಂಬದ ಮೇಲಿನ ‘ಮಿನಿಮಮ್’ ಗೆರೆ ಹೊರಗೆ ಕಾಣುವಷ್ಟು ಎಳೆಯಬಾರದು, ಅಷ್ಟು ಬೇಕಾದರೆ ಉದ್ದದ ಕಂಬ ಕೊಳ್ಳಿ. ಸಿಗ್ನಲ್‌ನಲ್ಲಿ ನಿಲ್ಲುವ ಭಯಕ್ಕೆ ಔಷಧಿ ಸೀಟು ಇಳಿಸುವುದಲ್ಲ, ನಿಲ್ಲುವಾಗ ಸೀಟಿನಿಂದ ಮುಂದಕ್ಕೆ ಇಳಿದು ಒಂದು ಕಾಲು ಊರುವುದು. ಖಾಲಿ ಮೈದಾನದಲ್ಲಿ ಹತ್ತು ಸಲ ಮಾಡಿದರೆ ಕೈವಶವಾಗುತ್ತದೆ.

ಮಂಡಿಗೆ ಇನ್ನೊಂದು ಶತ್ರು ಭಾರಿ ಗೇರು. ದೊಡ್ಡ ಗೇರಿನಲ್ಲಿ ನಿಧಾನಕ್ಕೆ ಒತ್ತಿ ಒತ್ತಿ ತುಳಿದರೆ ವ್ಯಾಯಾಮ ಜಾಸ್ತಿಯಾಗುತ್ತದೆ ಎಂಬ ನಂಬಿಕೆ ಜಿಮ್‌ನಿಂದ ಬಂದದ್ದಿರಬೇಕು. ಬಲ ಮಂಡಿ ಎಷ್ಟು ಸಲ ಮೇಲೆ ಬಂತೆಂದು ಹದಿನೈದು ಸೆಕೆಂಡ್ ಎಣಿಸಿ ನಾಲ್ಕರಿಂದ ಗುಣಿಸಿ. ಸಮತಟ್ಟು ರಸ್ತೆಯಲ್ಲಿ ಹೊಸಬರಿಗೆ 70–80, ಅಭ್ಯಾಸವಿದ್ದವರಿಗೆ 80–90 ಬರಬೇಕು. 50 ಬಂದರೆ ಗೇರು ಇಳಿಸಿ. ನಂದಿ ಬೆಟ್ಟವೋ ಚಾಮುಂಡಿ ಬೆಟ್ಟವೋ ಹತ್ತುವಾಗ ಮುಂದಿನ ಪುಟ್ಟ ಚಕ್ರ ಬಳಸಲು ನಾಚಿಕೆ ಬೇಡ. ಮುಂದೆ 24 ಹಲ್ಲು, ಹಿಂದೆ 28 ಹಲ್ಲು ಇದ್ದರೆ ಪೆಡಲ್ ಒಂದು ಸುತ್ತಿಗೆ ಚಕ್ರ 0.86 ಸುತ್ತು ಮಾತ್ರ ತಿರುಗುತ್ತದೆ, ಅದಿರುವುದೇ ಏರಿಗೆಂದು. ಗೇರನ್ನು ಏರು ಶುರುವಾಗುವ ಮುಂಚೆ, ಕಾಲಿನ ಭಾರ ಅರೆಕ್ಷಣ ಸಡಿಲಿಸಿ ಬದಲಿಸಿ. ಏರಿನ ನಡುವೆ ಪೂರ್ತಿ ಭಾರ ಹಾಕಿ ಬದಲಿಸಿದಾಗ ಕೇಳುವ ಆ ‘ಕಟಾರ್’ ಸದ್ದು ಚೈನಿನ ಪಟ್ಟಿ ಬಾಗುವ ಸದ್ದೂ ಆಗಿರಬಹುದು.

ಫಿಟ್‌ನೆಸ್‌ಗೆ ಎಷ್ಟು ಸಾಕು ಎಂದರೆ, ವಿಶ್ವ ಆರೋಗ್ಯ ಸಂಸ್ಥೆಯ 2020ರ ಮಾರ್ಗಸೂಚಿ ವಯಸ್ಕರಿಗೆ ವಾರಕ್ಕೆ 150ರಿಂದ 300 ನಿಮಿಷ ಮಧ್ಯಮ ಶ್ರಮ ಎನ್ನುತ್ತದೆ. ಆಫೀಸು ಆರು ಕಿ.ಮೀ. ದೂರ, ಒಂದು ಕಡೆಗೆ 25 ನಿಮಿಷ ಎಂದಿಟ್ಟುಕೊಂಡರೆ ಐದು ದಿನಕ್ಕೆ 250 ನಿಮಿಷ ಆಯಿತು, ಬೇರೆ ಸಮಯ ಹೊಂದಿಸಬೇಕಿಲ್ಲ. ತುಳಿಯುತ್ತ ಮಾತಾಡಲು ಆಗಬೇಕು, ಹಾಡಲು ಆಗಬಾರದು, ಮಧ್ಯಮ ಶ್ರಮ ಎಂದರೆ ಅದು. ಆದರೆ ಅದೇ ಮಾರ್ಗಸೂಚಿ ವಾರಕ್ಕೆ ಎರಡು ದಿನ ಸ್ನಾಯು ಬಲಪಡಿಸುವ ವ್ಯಾಯಾಮವನ್ನೂ ಕೇಳುತ್ತದೆ, ಸೈಕಲ್ ಮಾತ್ರ ತುಳಿಯುವವರು ಮರೆಯುವುದು ಇದನ್ನೇ. ಸೈಕಲ್ಲಿನಲ್ಲಿ ಮೈಭಾರ ಸೀಟಿನ ಮೇಲೆ ಇರುವುದರಿಂದ ಮೂಳೆಗೆ, ಭುಜಕ್ಕೆ ಕೆಲಸ ಕಡಿಮೆ. ಬಸ್ಕಿ, ದಂಡ ಹದಿನೈದು ನಿಮಿಷ ಹೊಡೆದರೆ ಕೊರತೆ ತುಂಬುತ್ತದೆ, ಜಿಮ್ಮೇ ಬೇಕೆಂದಿಲ್ಲ.

ಮಳೆ, ಬ್ರೇಕು, ಉಳಿದದ್ದು

ಡಿಸ್ಕ್ ಬ್ರೇಕಿನವರು ಒಂದು ಮಾತು ನೆನಪಿಡಿ: ಚೈನಿಗೆ ಸ್ಪ್ರೇ ಹೊಡೆಯುವಾಗ ಹಾರಿದ ತುಂತುರು ರೋಟರಿನ (ಬ್ರೇಕಿನ ಲೋಹದ ತಟ್ಟೆಯ) ಮೇಲೆ ಕೂತರೆ ಬ್ರೇಕು ಕಿರುಚುತ್ತದೆ, ಹಿಡಿಯುವುದಿಲ್ಲ. ರೋಟರನ್ನು ಐಸೋಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಒರೆಸಬಹುದು, ಎಣ್ಣೆ ಕುಡಿದ ಪ್ಯಾಡನ್ನು ಉಳಿಸಿಕೊಳ್ಳುವುದು ಕಷ್ಟ, ಬದಲಿಸುವುದೇ ನೆಮ್ಮದಿ. ಹನಿಬಾಟಲಿ ಲ್ಯೂಬೇ ಕೊಳ್ಳಿ ಎನ್ನುವುದು ಇದಕ್ಕೂ ಸೇರಿ. ಶಿಮಾನೊ ರೋಟರು ಹೊಸದಾಗಿದ್ದಾಗ 1.8 ಮಿ.ಮೀ. ದಪ್ಪ, 1.5ಕ್ಕೆ ಬಂದರೆ ಬದಲಿಸಬೇಕು.

ವಿ-ಬ್ರೇಕಿನವರು ತಿಂಗಳಿಗೊಮ್ಮೆ ರಬ್ಬರನ್ನು ನೋಡಿ. ಅಡ್ಡಗೆರೆ ಅಳಿದಿದ್ದರೆ ಮುಗಿಯಿತು. ಮಿನುಗುವ ಅಲ್ಯೂಮಿನಿಯಂ ಚೂರು, ಮರಳುಕಾಳು ಅಂಟಿದ್ದರೆ ಸೂಜಿಯಲ್ಲಿ ಕಿತ್ತುಹಾಕಿ, ಬಿಟ್ಟರೆ ಅವು ರಿಮ್ಮನ್ನೇ ಕೆರೆಯುತ್ತವೆ. ಮಳೆಯಲ್ಲಿ ರಿಮ್ ಬ್ರೇಕು ಮೊದಲ ಕ್ಷಣ ನೀರು ಒರೆಸುವುದರಲ್ಲೇ ಕಳೆಯುತ್ತದೆ, ಹಾಗಾಗಿ ತಿರುವಿಗೆ, ಇಳಿಜಾರಿಗೆ ಮುಂಚೆಯೇ ಹಗುರವಾಗಿ ಒಂದೆರಡು ಸಲ ಒತ್ತಿ ಇಟ್ಟುಕೊಳ್ಳಿ. ಲಿವರ್ ಹಿಡಿಗೆ ತಾಗುವಷ್ಟು ಸಡಿಲವಾಗಿದ್ದರೆ ಲಿವರಿನ ಬಳಿಯ ದುಂಡು ಅಡ್ಜಸ್ಟರನ್ನು ಹೊರಕ್ಕೆ ತಿರುಗಿಸಿ ಬಿಗಿ ಮಾಡಬಹುದು. ಚೈನು ಹಿಂದಿನ ದೊಡ್ಡ ಹಲ್ಲುಚಕ್ರಕ್ಕೆ ಏರಲು ತಡವಾಗುತ್ತಿದ್ದರೆ ಡಿರೇಲರ್ ಬಳಿಯ ಅಡ್ಜಸ್ಟರನ್ನು ಕಾಲು ಸುತ್ತು ಅಪ್ರದಕ್ಷಿಣೆ ತಿರುಗಿಸಿ ನೋಡಿ, ಒಂದೇ ಸಲಕ್ಕೆ ಎರಡು ಸುತ್ತು ಬೇಡ. ಎಚ್, ಎಲ್ ಎಂದು ಬರೆದ ಸ್ಕ್ರೂಗಳನ್ನು ಇದಕ್ಕೆ ಮುಟ್ಟಲೇಬಾರದು. ಅವು ಚೈನು ಕಡ್ಡಿಯೊಳಕ್ಕೋ ಫ್ರೇಮಿನ ಬದಿಗೋ ಬೀಳದಂತೆ ತಡೆಯುವ ಬೇಲಿಗಳು.

ಕಾರು ತೊಳೆಯುವ ಪ್ರೆಶರ್ ಪಂಪಿನಿಂದ ಸೈಕಲ್ ತೊಳೆಸಬೇಡಿ, ಹಬ್ಬು, ಹ್ಯಾಂಡಲ್ ಕಪ್ಪು, ಪೆಡಲ್ ನಡುವಿನ ಬೇರಿಂಗಿಗೆಲ್ಲ ನೀರು ನುಗ್ಗಿ ಗ್ರೀಸು ಹೊರಬರುತ್ತದೆ. ಬಕೆಟ್ಟು, ಬ್ರಷ್ಷು ಸಾಕು. ಎರೆಮಣ್ಣಿನ ನಾಡಿನಲ್ಲಿ ಮಳೆಗಾಲಕ್ಕೆ ಮುಂಚೆ ಟೈರಿಗೂ ಮಡ್‌ಗಾರ್ಡಿಗೂ ನಡುವೆ ಒಂದು ಬೆರಳಿಗಿಂತ ಹೆಚ್ಚು ಜಾಗ ಇದೆಯೇ ನೋಡಿ. ಇಲ್ಲದಿದ್ದರೆ ಮಡ್‌ಗಾರ್ಡನ್ನು ಮೇಲಕ್ಕೆ ಸರಿಸಿ, ಇಲ್ಲವೇ ಬಿಚ್ಚಿಡಿ. ಹೊಲದ ದಾರಿಯಲ್ಲಿ ನೂರು ಮೀಟರ್ ಹೋಗುವಷ್ಟರಲ್ಲಿ ಮಣ್ಣು ಗಟ್ಟಿಯಾಗಿ ತುಂಬಿ ಚಕ್ರವೇ ನಿಂತುಬಿಡುತ್ತದೆ.

ಮಂಗಳೂರು, ಉಡುಪಿ, ಕಾರವಾರದ ಉಪ್ಪುಗಾಳಿಯಲ್ಲಿ ಸ್ಟೀಲ್ ಫ್ರೇಮಿನ ಒಳಗೆ ಅಲ್ಯೂಮಿನಿಯಂ ಸೀಟ್ ಕಂಬ ಬೆಸುಗೆ ಹಾಕಿದಂತೆ ಕಚ್ಚಿಕೊಳ್ಳುತ್ತದೆ. ಅಲ್ಲಿಯವರು ಮೂರು ತಿಂಗಳಿಗೊಮ್ಮೆ, ಉಳಿದವರು ಮಳೆಗಾಲದ ಮೊದಲೊಮ್ಮೆ, ಆಮೇಲೊಮ್ಮೆ ಕಂಬವನ್ನು ಪೂರ್ತಿ ಹೊರತೆಗೆದು ಒರೆಸಿ ತೆಳ್ಳಗೆ ಗ್ರೀಸ್ ಹಚ್ಚಿ ಹಾಕಿ. ತೆಗೆಯುವ ಮೊದಲು ಎತ್ತರಕ್ಕೆ ಒಂದು ಸುತ್ತು ಇನ್ಸುಲೇಷನ್ ಟೇಪ್ ಅಂಟಿಸಿಡಿ. ಪೆಡಲಿನ ಮರೆಗೂ (ತಿರುಪಿನ ಸುರುಳಿಗೆರೆಗೂ) ಅದೇ ಗ್ರೀಸ್ ಹಚ್ಚಬೇಕು, ಬಿಚ್ಚುವಾಗ ಎಡ ಪೆಡಲಿನದ್ದು ಉಲ್ಟಾ ಮರೆ ಎಂಬುದು ನೆನಪಿರಲಿ: ಎರಡೂ ಪೆಡಲನ್ನು ಬಿಚ್ಚಲು 15 ಮಿ.ಮೀ. ಸ್ಪ್ಯಾನರನ್ನು ಮೇಲ್ಮುಖವಾಗಿ ಹಾಕಿ ಸೈಕಲ್ಲಿನ ಹಿಂಚಕ್ರದ ಕಡೆಗೆ ಎಳೆಯಬೇಕು.